ಮೂರನೇ ದಿನದ ಸೂಜಿ

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ಕೂತು, ಎಡಗೈ ಚಾಚಿ, "ಚುಚ್ಚು" ಅಂದರು.

ನನಗೆ ಆಗ ಇಪ್ಪತ್ತೊಂದು. ಕತ್ತಲಗೆರೆಯಿಂದ ತಗಡಿನ ಪೆಟ್ಟಿಗೆ ಹೊತ್ತು ನ್ಯಾಮತಿಗೆ ಬಂದಿಳಿದು ಒಂದು ಗಂಟೆಯೂ ಆಗಿರಲಿಲ್ಲ. ಸೂಜಿ ಕೈಗೆತ್ತಿಕೊಂಡೆ. ಅವರ ಕೈಯೋ ದಪ್ಪ, ನರಗಳೆಲ್ಲ ಒಳಗೆ ಅಡಗಿದ್ದವು. ಎರಡು ಸಲ ತಪ್ಪಿ ಮೂರನೇ ಸಲ ರಕ್ತ ಬಂತು. ಅವರು ಹುಬ್ಬನ್ನೂ ಅಲುಗಿಸದೆ ಕೇಳಿದರು.

"ಎಷ್ಟು ಸಲ ಚುಚ್ಚಿದೆ ಅಂತ ಯಾರಿಗೆ ನೆನಪಿರ್ತೈತೆ?"

"ನನಗೆ, ಸಿಸ್ಟರ್."

"ನಿನಗಲ್ಲ ಕಣೇ. ಸಂಜೆಗೆ ಮರೀತೀಯ ನೀನು. ಚುಚ್ಚಿಸ್ಕಂಡೋರಿಗೆ ನೆನಪಿರ್ತೈತೆ."

ಅವರ ಹೆಸರು ಬರೆಯುವುದಿಲ್ಲ. ನಾವೆಲ್ಲ ದೊಡ್ಡ ಸಿಸ್ಟರ್ ಅನ್ನುತ್ತಿದ್ದೆವು, ರೋಗಿಗಳು ನರ್ಸಮ್ಮ ಅನ್ನುತ್ತಿದ್ದರು, ಅಷ್ಟು ಸಾಕು. ಇಪ್ಪತ್ತು ಹಾಸಿಗೆಯ ಆ ನರ್ಸಿಂಗ್ ಹೋಮ್ ಈಗ ಇಲ್ಲ. ಅದನ್ನು ನಡೆಸುತ್ತಿದ್ದ ಡಾಕ್ಟರೂ ಇಲ್ಲ. ಈ ವರ್ಷ ದೊಡ್ಡ ಸಿಸ್ಟರೂ ಹೋದರು. ಉಳಿದಿರುವವಳು ನಾನೊಬ್ಬಳು, ಆದ್ದರಿಂದ ಇದನ್ನು ನಾನೇ ಬರೆಯಬೇಕು. ಬರೆಯುವುದಕ್ಕೆ ಹಿಗ್ಗೇನೂ ಇಲ್ಲ.

ದೊಡ್ಡ ಸಿಸ್ಟರ್ ಜಗಳೂರಿನ ಕಡೆಯವರು. ಮದುವೆಯಾಗಿ ನಾಲ್ಕೇ ವರ್ಷಕ್ಕೆ ಗಂಡ ಹೋದರಂತೆ, ಮಕ್ಕಳಿರಲಿಲ್ಲ. ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ತೆಳುವಾಗಿ ವಿಭೂತಿ, ಕೈಯಲ್ಲಿ ಏನೂ ಇಲ್ಲ, ವಾಚು ಕೂಡ ಇಲ್ಲ. ನಾಡಿ ಎಣಿಸಬೇಕಾದಾಗ ನನ್ನ ಮಣಿಕಟ್ಟನ್ನು ಎಳೆದುಕೊಂಡು ನನ್ನ ವಾಚು ನೋಡುತ್ತಿದ್ದರು. ನಗುತ್ತಿರಲಿಲ್ಲ ಎಂದೇನಲ್ಲ. ಆದರೆ ನಕ್ಕಾಗ ಯಾರೋ ಬಯ್ಯಿಸಿಕೊಳ್ಳುತ್ತಿದ್ದಾರೆ ಎಂದು ಅರ್ಥ. ಹತ್ತು ಸಲ ನನಗೇ ಆಗಿದೆ.

ಅವರ ದೊಡ್ಡ ಸಂಗತಿ ಎಂದರೆ ಸೂಜಿ. ಎಪ್ಪತ್ತರ ದಶಕದಲ್ಲಿ ಅವರು ಕಲಿತದ್ದು ಉಕ್ಕಿನ ಸೂಜಿಯಲ್ಲಿ. ಗ್ಲೂಕೋಸ್ ಬಾಟ್ಲಿ ಏರಿಸಬೇಕಾದರೆ ಕೈಯನ್ನು ಮರದ ಪಟ್ಟಿಗೆ ಕಟ್ಟಿ, ಬಾಟ್ಲಿ ಮುಗಿದ ಕೂಡಲೇ ಸೂಜಿ ಕೀಳುವುದು, ಮತ್ತೆ ಬೇಕಾದರೆ ಮತ್ತೆ ಚುಚ್ಚುವುದು. ನಾನು ಸೇರುವ ಹೊತ್ತಿಗೆ ಮೆತ್ತನೆಯ ಪ್ಲಾಸ್ಟಿಕ್ಕಿನದು ಬಂದಿತ್ತು. ಒಮ್ಮೆ ನರದೊಳಗೆ ಕೂತರೆ ದಿನಗಟ್ಟಲೆ ಇರುತ್ತಿತ್ತು, ಕೈ ಮಡಚಬಹುದಿತ್ತು, ಮಗ್ಗುಲು ಹೊರಳಬಹುದಿತ್ತು. ಸರಿ, ಹಾಗಾದರೆ ಯಾವಾಗ ತೆಗೆಯಬೇಕು? ಡಾಕ್ಟರು ಕಲಿತು ಬಂದ ನಿಯಮ ಒಂದೇ ಸಾಲಿನದು: ಮೂರನೇ ದಿನ ತೆಗೆದು ಬೇರೆ ಕಡೆ ಹಾಕಿ, ಚೆನ್ನಾಗಿರಲಿ ಕೆಟ್ಟಿರಲಿ.

ದೊಡ್ಡ ಸಿಸ್ಟರಿಗೆ ಈ ಮಾತು ಕೇಳಿದರೇ ಮೈ ಉರಿಯುತ್ತಿತ್ತು.

"ದಿನ ಎಣಿಸಾಕೆ ನಾವ್ಯಾಕೆ ಬೇಕು? ಕ್ಯಾಲೆಂಡರ್ ನೇತು ಹಾಕಿದ್ರೆ ಸಾಕಲ್ಲ. ಸೂಜಿ ಒಂದೇ ದಿನಕ್ಕೆ ಕೆಡಬೋದು, ಆರು ದಿನ ಆದ್ರೂ ಚೆನ್ನಾಗಿರಬೋದು. ಕೈ ನೋಡ್ಬೇಕು ಕಣೇ, ಕೈ."

ನೋಡುವುದೆಂದರೆ ಅವರಲ್ಲಿ ಒಂದು ಕ್ರಮ. ಪಾಳಿಗೆ ಮೂರು ಸಲ ಪ್ರತಿ ಹಾಸಿಗೆಗೂ ಹೋಗಬೇಕು. ಅಂಟುಪಟ್ಟಿಯ ಅಂಚು ಎತ್ತಿ ಸೂಜಿಯ ಬಾಯಿ ಕೆಂಪಗಿದೆಯೇ ನೋಡಬೇಕು. ಬೆರಳ ಹಿಂಬದಿಯಿಂದ ಅಲ್ಲಿಂದ ಮೇಲಕ್ಕೆ ನರದುದ್ದಕ್ಕೂ ಸವರಿ ಬಿಸಿ ಇದೆಯೇ, ಹುರಿಯ ಹಾಗೆ ಗಟ್ಟಿಯಾಗಿದೆಯೇ ತಿಳಿಯಬೇಕು. ಇನ್ನೊಂದು ಕೈಯನ್ನು ಪಕ್ಕದಲ್ಲಿಟ್ಟು ಊತ ಹೋಲಿಸಬೇಕು. ಕೊನೆಗೆ ಕೇಳಬೇಕು: ಉರಿ ಐತಾ, ಸೆಳೆತ ಐತಾ? ಇಷ್ಟರಲ್ಲಿ ಒಂದಕ್ಕೆ ಹೌದು ಎಂದಾದರೂ ಆ ಕ್ಷಣವೇ ಸೂಜಿ ಹೊರಗೆ. ಇಲ್ಲವಾದರೆ ಮುಟ್ಟಬಾರದು.

ಒಮ್ಮೆ ಹೊನ್ನಾಳಿಯಿಂದ ಒಬ್ಬ ವ್ಯಾಪಾರಿಯನ್ನು ಸೇರಿಸಿದ್ದರು. ಬೆಳಿಗ್ಗೆ ಹಾಕಿದ ಸೂಜಿಯನ್ನು ಮಧ್ಯಾಹ್ನ ಊಟದ ಹೊತ್ತಿಗೆ ದೊಡ್ಡ ಸಿಸ್ಟರ್ ಕಿತ್ತುಬಿಟ್ಟರು. ಆತನ ತಮ್ಮ ಜಗಳಕ್ಕೇ ನಿಂತ.

"ಅರ್ಧ ಬಾಟ್ಲಿ ಹಂಗೇ ಐತಲ್ರೀ! ಶಕ್ತಿ ಬರಾಕೆ ಹಾಕಿರೋದು, ತೆಗೀತೀರಲ್ಲ!"

"ಬಾಟ್ಲಿ ನಿಮ್ಮಣ್ಣನ ಕೈಗಿಂತ ಹೆಚ್ಚೇನ್ರೀ? ಇಲ್ಲಿ ನೋಡ್ರಿ, ಕೆಂಪಗಾಗೈತೆ. ಇನ್ನೊಂದು ಕೈಗೆ ಹಾಕ್ತೀನಿ, ಕುಂತ್ಕಳ್ರಿ ಸುಮ್ನೆ."

ಅದೇ ದೊಡ್ಡ ಸಿಸ್ಟರ್ ಇನ್ನೊಂದು ದಿನ ಡಾಕ್ಟರ ಎದುರು ಹಾಸಿಗೆಗೆ ಅಡ್ಡ ನಿಂತದ್ದೂ ಉಂಟು. ಸೂಳೆಕೆರೆಯಲ್ಲಿ ಬಲೆ ಬೀಸುವ ಮುದುಕ, ಮಗಳ ಮನೆಗೆಂದು ಬಂದವನಿಗೆ ವಾಂತಿಭೇದಿ ಹತ್ತಿ ಮೈಯಲ್ಲಿ ನೀರೇ ಉಳಿದಿರಲಿಲ್ಲ. ಇದ್ದದ್ದೊಂದೇ ನರ, ಅದನ್ನು ಹುಡುಕಲು ಅರ್ಧ ಗಂಟೆ ಹಿಡಿದಿತ್ತು. ಮೂರನೇ ದಿನ ಡಾಕ್ಟರು ತೆಗೆಯಿರಿ ಎಂದರು.

"ಚೆನ್ನಾಗೈತೆ ಸಾರ್. ಇದೊಂದೇ ದಾರಿ ಇರೋದು. ಇದನ್ನ ಕಿತ್ತು ಇನ್ನೊಂದು ಸಿಗದಿದ್ರೆ ನೀವೇ ಬಂದು ಹಾಕ್ತೀರಾ?"

ಡಾಕ್ಟರು ಒಳ್ಳೆಯವರು. ಸಿಟ್ಟಾಗದೆ ನಕ್ಕರು. ಮುದುಕ ಐದನೇ ದಿನ ಅದೇ ಸೂಜಿಯಲ್ಲಿ ಬದುಕಿ ಎದ್ದ. ವಾರವಾದ ಮೇಲೆ ಕೆರೆಯ ಮೀನು ತಂದು ಮೇಜಿನ ಮೇಲಿಟ್ಟ. ಕರಡಿಗೆ ಕಟ್ಟಿದ ದೊಡ್ಡ ಸಿಸ್ಟರ್ ಮೂಗು ಮುಚ್ಚಿಕೊಂಡು, "ಬಾಳ ಸಂತೋಷ ಕಣಪ್ಪ, ಮೊದ್ಲು ಹೊರಗೆ ತಗಂಡೋಗು" ಅಂದರು. ಆಯಾ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅಲ್ಲಿಂದ ಮುಂದೆ ಡಾಕ್ಟರು ನಿಯಮ ಸಡಿಲಿಸಿದರು. ದೊಡ್ಡ ಸಿಸ್ಟರ್ ನೋಡಿ ಇರಲಿ ಎಂದರೆ ಇರಲಿ, ತೆಗೆಯಿರಿ ಎಂದರೆ ತೆಗೆಯಿರಿ.

ಇದರಿಂದ ನಮಗೊಂದು ಕೆಟ್ಟ ಅಭ್ಯಾಸ ಬಿತ್ತು. ಅವರು ನೋಡಿದ್ದಾರೆ ಎಂದರೆ ಮುಗಿಯಿತು. ನಾವು ನೋಡುವುದನ್ನು ಬಿಟ್ಟೆವು. ಅವರ ಹಿಂದೆ ಹಿಂದೆ ನಡೆದು, ಅವರು ಹೇಳಿದ್ದನ್ನು ಚಾರ್ಟಿನಲ್ಲಿ ಬರೆದು, ಅದನ್ನೇ ಕಲಿಯುವುದು ಎಂದುಕೊಂಡೆವು.

ಸೂರಗೊಂಡನಕೊಪ್ಪದ ಪಕ್ಕದ ತಾಂಡಾದಿಂದ ಒಬ್ಬ ಹೆಂಗಸು ಬಂದದ್ದು ಬೇಸಿಗೆಯಲ್ಲಿ. ಮೂರನೇ ಹೆರಿಗೆ, ಮನೆಯಲ್ಲೇ ಆಗಿ, ಬಹಳ ರಕ್ತ ಹೋಗಿ, ಜ್ವರ ಬಂದಿತ್ತು. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಜೊತೆಗೆ ಗಂಡ, ಹಸುಗೂಸು, ಅತ್ತೆ. ದೊಡ್ಡ ಸಿಸ್ಟರನ್ನು ಆಕೆ "ಯಾಡಿ" ಎಂದು ಕರೆದಳು. ಲಂಬಾಣಿ ಮಾತಿನಲ್ಲಿ ತಾಯಿ ಎಂದಂತೆ. ಅದು ತಿಳಿದ ದಿನ ದೊಡ್ಡ ಸಿಸ್ಟರ್ ಆ ಹಾಸಿಗೆಗೆ ಎರಡು ಸಲ ಹೆಚ್ಚು ಹೋದರು.

ಆಕೆಯ ಬಲಗೈ ಚಿಕ್ಕಂದಿನಲ್ಲಿ ಒಲೆಗೆ ಬಿದ್ದು ಸುಟ್ಟಿತ್ತು, ಚರ್ಮವೆಲ್ಲ ಸುಕ್ಕುಗಟ್ಟಿ ನರ ಸಿಗುವಂತಿರಲಿಲ್ಲ. ಎಡಗೈಯ ಮಣಿಕಟ್ಟಿನ ಬಳೆಗಳನ್ನು ಅತ್ತೆಯೇ ಸೋಪು ಹಚ್ಚಿ ತೆಗೆದುಕೊಟ್ಟಳು. ಅಲ್ಲೂ ನರಗಳು ಬತ್ತಿದ್ದವು. ಕಡೆಗೆ ಮೊಣಕೈ ಹತ್ತಿರ ಒಂದು ಸಿಕ್ಕಿತು. ದೊಡ್ಡ ಸಿಸ್ಟರೇ ಒಂದೇ ಸಲಕ್ಕೆ ಹಾಕಿದರು. ಮೊಣಕೈಯಿಂದ ಮೇಲಕ್ಕೆ, ಹೆಗಲವರೆಗೂ, ಒಂದಕ್ಕೊಂದು ಅಂಟಿಕೊಂಡಂತೆ ಬಿಳಿಯ ಬಳೆಗಳು. ಮದುವೆಯ ದಿನ ತೊಡಿಸಿದ್ದು. ಗಂಡ ಇರುವ ತನಕ ಅವು ತೋಳು ಬಿಡುವಂತಿಲ್ಲ.

ಮೂರನೇ ದಿನ ಬೆಳಿಗ್ಗೆ ದೊಡ್ಡ ಸಿಸ್ಟರ್ ಪಟ್ಟಿ ಎತ್ತಿ ನೋಡಿದರು. ಸೂಜಿಯ ಬಾಯಿ ಸ್ವಚ್ಛವಾಗಿತ್ತು. ಬೆರಳು ಮೇಲಕ್ಕೆ ಸವರಿಕೊಂಡು ಹೋಗಿ ಬಳೆಗೆ ತಾಗಿ ನಿಂತಿತು. ಕೆಳಗಿನದನ್ನು ಮೆಲ್ಲಗೆ ಸರಿಸಲು ನೋಡಿದರು, ಸರಿಯಲಿಲ್ಲ.

"ಇದನ್ನ ಕುಯ್ಬೇಕಾಗ್ತೈತೇನೋ ತಾಯಿ. ಒಳಗೆ ಹೆಂಗೈತೆ ಅಂತ ಕಾಣಂಗಿಲ್ಲ."

ಆಕೆ ಎದ್ದು ಕೂರಲು ಹೋದಳು. "ಬ್ಯಾಡ ಯಾಡಿ. ಅವ್ರು ಹೊರಗೆ ಕುಂತವ್ರೆ. ಚೆನ್ನಾಗವ್ರೆ. ಕುಯ್ಬ್ಯಾಡ್ರಿ."

"ಉರಿ ಐತಾ?"

"ಇಲ್ಲ."

"ಸೆಳೆತ?"

"ಇಲ್ಲ ಯಾಡಿ, ಏನೂ ಇಲ್ಲ."

ದೊಡ್ಡ ಸಿಸ್ಟರ್ ಸ್ವಲ್ಪ ಹೊತ್ತು ಅವಳ ತೋಳನ್ನು ಹಿಡಿದು ಕೂತರು. ತಮ್ಮ ಬರಿಗೈಯನ್ನು ನೋಡಿಕೊಂಡರೋ, ಆಕೆಯ ಬಳೆಯನ್ನು ನೋಡಿದರೋ, ನನಗೆ ಗೊತ್ತಿಲ್ಲ. ನಂತರ, "ಆಗ್ಲಿ, ಕುಯ್ಯಲ್ಲ ಬಿಡು" ಅಂದರು. ನನ್ನ ಕಡೆ ತಿರುಗಿ, ಸೂಜಿ ಇರಲಿ ಎಂದು ಬರೆಯಲು ಹೇಳಿದರು. ಬರೆದೆ. ಅವರು ಜೀವನದಲ್ಲಿ ಕಾಣದೆ ಕಂಡೆ ಎಂದದ್ದು ಅದೊಂದೇ ಸಲ.

ಅದೇ ದಿನ ಮಧ್ಯಾಹ್ನ ನಾನು ಆಕೆಯ ಮೈ ಒರೆಸಲು ಹೋದೆ. ಮಗು ಅಳುತ್ತಿತ್ತು. ಆಕೆ ಅದನ್ನು ಬಲಗಡೆಗೆ ಮಾತ್ರ ಹಾಕಿಕೊಂಡು ಹಾಲು ಕೊಡುತ್ತಿದ್ದಳು. ಎಡಗಡೆ ಹಾಲು ಕಟ್ಟಿ ಕುಪ್ಪಸ ಒದ್ದೆಯಾಗಿತ್ತು. ಈ ಕಡೆಗೂ ಹಾಕ್ಕೊಳ್ರಿ ಎಂದು ನಾನು ಮಗುವನ್ನು ಎತ್ತಿ ಎಡಗಡೆಗೆ ತಂದಾಗ ಅದರ ಕಾಲು ಬಳೆಗೆ ತಾಗಿತು. ಆಕೆ ಹಲ್ಲು ಕಚ್ಚಿದಳು. ಕಣ್ಣಲ್ಲಿ ನೀರು ಬಂತು. ನಾನು ನೋಡಿದೆ. ಆಕೆಯೂ ನಾನು ನೋಡಿದ್ದನ್ನು ನೋಡಿದಳು, ತಲೆ ಅಲ್ಲಾಡಿಸಿ, ಹೇಳಬೇಡ ಎನ್ನುವಂತೆ ನನ್ನ ಕೈ ಮುಟ್ಟಿದಳು.

ನಾನು ಹೇಳಲಿಲ್ಲ. ಆಕೆ ಬೇಡವೆಂದಳು ಎಂದು ಹೇಳದೆ ಇದ್ದದ್ದಲ್ಲ. ದೊಡ್ಡ ಸಿಸ್ಟರ್ ಬೆಳಿಗ್ಗೆ ನೋಡಿದ್ದಾರಲ್ಲ, ನಾನು ಬೇರೆ ಹೇಳಿದರೆ ನಿನ್ನೆ ಮೊನ್ನೆ ಬಂದವಳು ನನಗೇ ಕಲಿಸ್ತೀಯಾ ಎಂದಾರು ಎಂದು ಹೇಳದೆ ಇದ್ದದ್ದು. ಒರೆಸುವ ಬಟ್ಟೆಯನ್ನು ಹಿಂಡಿ, ಬೋಗುಣಿ ಎತ್ತಿಕೊಂಡು ಮುಂದಿನ ಹಾಸಿಗೆಗೆ ಹೋದೆ.

ನಾಲ್ಕನೇ ದಿನ ಆಕೆಗೆ ಚಳಿ ಬಂತು. ಹಾಸಿಗೆ ಅದುರುವಷ್ಟು ಚಳಿ. ಡಾಕ್ಟರು ಬಾಣಂತಿ ಜ್ವರವೇ ಹೆಚ್ಚಾಯಿತು ಎಂದುಕೊಂಡು ಔಷಧಿ ಬದಲಿಸಿದರು. ಹೊಸ ಔಷಧಿಯನ್ನು ನಾವು ಕೊಟ್ಟದ್ದು ಅದೇ ಸೂಜಿಯಲ್ಲಿ. ಆ ದಿನವಿಡೀ ಸೂಜಿಯ ಬಾಯಿ ಸ್ವಚ್ಛವಾಗಿಯೇ ಇತ್ತು, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಆಗಿದ್ದೆಲ್ಲ ಅದರ ಮೇಲೆ, ಬಳೆಗಳ ಕೆಳಗೆ.

ಐದನೇ ದಿನ ಬೆಳಗಾಗುವಷ್ಟರಲ್ಲಿ ಮೇಲಿನ ಬಳೆಗಳ ನಡುವೆ ಮಾಂಸ ಉಬ್ಬಿ ಬಂದಿತ್ತು. ಆಕೆ ಮಾತಾಡುತ್ತಿರಲಿಲ್ಲ. ಗಂಡನೇ ಒಳಗೆ ಬಂದ. ತೆಳ್ಳಗಿನ, ಎತ್ತರದ ಮನುಷ್ಯ. ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

"ಕುಯ್ರೀ ಅವ್ವಾರೆ. ನಾನೇ ಹೇಳ್ತೀನಿ. ಬಳೆ ತೆಗುದ್ರೆ ನಾನೇನು ಸಾಯಾಕಿಲ್ಲ. ಮೊದ್ಲೇ ನನ್ನ ಕೇಳಿದ್ರೆ ಮೊದ್ಲೇ ಹೇಳ್ತಿದ್ದೆ."

ಯಾರೂ ಅವನನ್ನು ಕೇಳಿರಲಿಲ್ಲ. ಐದು ದಿನ ಅವನು ಬಾಗಿಲ ಹೊರಗೆ, ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ.

ಮೂಳೆ ಮುರಿದವರ ಸಿಮೆಂಟು ಪಟ್ಟಿ ಕೊಯ್ಯುವ ಗರಗಸದಲ್ಲಿ ದೊಡ್ಡ ಸಿಸ್ಟರ್ ಒಂದೊಂದೇ ಬಳೆ ಕೊಯ್ದರು. ನಾನು ತಟ್ಟೆ ಹಿಡಿದಿದ್ದೆ. ಮೊಣಕೈಯಿಂದ ಕಂಕುಳವರೆಗೆ ಬೆರಳು ದಪ್ಪದ ಕೆಂಪು ಹುರಿ, ಎರಡು ಕಡೆ ಕೀವು. ಸೂಜಿ ತೆಗೆದಾಗ ಅದರ ಹಿಂದೆಯೇ ಕೀವು ಬಂತು. ಡಾಕ್ಟರು ತಮ್ಮ ಜೀಪಿನಲ್ಲೇ ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟರು. ಸವಳಂಗ ದಾಟುವ ಮೊದಲೇ ಉಸಿರು ನಿಂತಿತಂತೆ. ಮಧ್ಯಾಹ್ನದ ಹೊತ್ತಿಗೆ ಜೀಪು ಮತ್ತೆ ನಮ್ಮ ಬಾಗಿಲಿಗೇ ಬಂತು.

ಗಂಡ ಒಳಗೆ ಬಂದು ಒಂದೇ ಮಾತು ಕೇಳಿದ. "ಬಳೆ ಎಲ್ಲಿ ಅವ್ವಾರೆ?"

ಯಾರಿಗೂ ಅರ್ಥವಾಗಲಿಲ್ಲ.

"ನಾನಿದೀನಲ್ಲ, ಅವ್ಳು ಮುತ್ತೈದೆ ಆಗೇ ಹೋಗ್ಯಾಳೆ. ಬರಿ ತೋಳಾಗೆ ಹೆಂಗೆ ಕಳಿಸ್ಲಿ ನಾನು?"

ತಟ್ಟೆಯಲ್ಲಿದ್ದದ್ದನ್ನು ನಾನು ಬೆಳಿಗ್ಗೆಯೇ ಕಸದ ಡಬ್ಬಿಗೆ ಸುರಿದಿದ್ದೆ. ದೊಡ್ಡ ಸಿಸ್ಟರ್ ಹಿತ್ತಲಿಗೆ ಹೋಗಿ ನೆಲಕ್ಕೆ ಕೂತು ಡಬ್ಬಿಯನ್ನು ಬೋರಲು ಹಾಕಿದರು. ರಕ್ತದ ಹತ್ತಿ, ಕೀವಿನ ಬಟ್ಟೆ, ಒಡೆದ ಆಂಪೂಲು, ಇವುಗಳ ನಡುವಿನಿಂದ ಒಂದೊಂದೇ ತುಂಡು ಆರಿಸಿದರು. ಗಾಜು ಕುಯ್ದು ಬೆರಳಲ್ಲಿ ರಕ್ತ ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಎಲ್ಲವನ್ನೂ ಬಿಸಿನೀರಲ್ಲಿ ತೊಳೆದರು. ಜೀಪಿನ ಹಿಂಬದಿಗೆ ಹತ್ತಿ, ಆಕೆಯ ಪಕ್ಕದಲ್ಲಿ ಮಂಡಿಯೂರಿ, ಎರಡೆರಡು ತುಂಡನ್ನು ತೋಳಿನ ಸುತ್ತ ಜೋಡಿಸಿ, ಅಂಟುಪಟ್ಟಿ ಹಚ್ಚಿ, ಮೊಣಕೈಯಿಂದ ಹೆಗಲವರೆಗೆ ಮತ್ತೆ ಬಳೆ ತೊಡಿಸಿದರು. ಸೂಜಿ ಅಲ್ಲಾಡದಂತೆ ಕಟ್ಟಲು ನಮಗೆ ಕಲಿಸಿದ ಅದೇ ಪಟ್ಟಿ. ಗಂಡ ಮಗುವನ್ನು ಎತ್ತಿಕೊಂಡು ನೋಡುತ್ತ ನಿಂತಿದ್ದ. ಮುಗಿದ ಮೇಲೆ ಅವರಿಗೆ ಕೈ ಮುಗಿದ. ಅವನು ಕೈ ಮುಗಿದದ್ದನ್ನು ನನ್ನಿಂದ ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ.

ಸೂಜಿ ತೆಗೆಯದೆ ಬಿಟ್ಟವರು ಯಾರು ಎಂದು ಡಾಕ್ಟರು ಕೇಳಿದರು. ಕೇಳಬೇಕಾಗಿರಲಿಲ್ಲ, ಚಾರ್ಟಿನಲ್ಲಿತ್ತು. ಅಕ್ಷರ ನನ್ನದು.

"ನಾನೇ ಸಾರ್" ಅಂದರು ದೊಡ್ಡ ಸಿಸ್ಟರ್. "ಕಾಣ್ತಿರಲಿಲ್ಲ. ಕಾಣದಿದ್ರೆ ತೆಗೀಬೇಕಿತ್ತು. ನಾನು ಬಿಟ್ಟೆ."

ನಾನು ಪಕ್ಕದಲ್ಲಿ ನಿಂತಿದ್ದೆ. ಚಾರ್ಟನ್ನು ತೆಗೆದುಕೊಂಡು ಹೋಗಿ ಕಪಾಟಿನಲ್ಲಿಟ್ಟೆ.

ಮರುದಿನ ಹಳೆಯ ನಿಯಮ ಗೋಡೆಗೆ ಬಂತು. ಮೂರನೇ ದಿನ ಎಲ್ಲವನ್ನೂ ತೆಗೆಯಬೇಕು. ಮುಂದೆ ನಾನು ಅಲ್ಲಿದ್ದ ವರ್ಷಗಳಲ್ಲಿ ದೊಡ್ಡ ಸಿಸ್ಟರ್ ದಿನ ಎಣಿಸಿ ಸೂಜಿ ಕಿತ್ತರು. ಚೆನ್ನಾಗಿದ್ದದ್ದನ್ನೂ ಕಿತ್ತರು. ಕ್ಷಯದಲ್ಲಿ ಎಲುಬಾಗಿದ್ದ ಚನ್ನಗಿರಿಯ ಒಬ್ಬ ಮಾಸ್ತರರ ಕೈಯಿಂದ ಹೀಗೆ ಸರಾಗವಾಗಿ ನಡೆಯುತ್ತಿದ್ದ ಸೂಜಿಯನ್ನು ತೆಗೆಸಿದರು. ಬೇರೆ ನರ ಹುಡುಕಲು ನಾನು ಏಳು ಸಲ ಚುಚ್ಚಿದೆ. ಆ ಮನುಷ್ಯ ಗೋಡೆಯ ಕಡೆ ತಿರುಗಿ ಮಗುವಿನ ಹಾಗೆ ಅತ್ತರು. ಇದನ್ನ ಯಾಕೆ ತೆಗೆಸಿದ್ರಿ ಸಿಸ್ಟರ್, ಚೆನ್ನಾಗಿತ್ತಲ್ಲ ಎಂದು ನಾನು ಕೇಳಿದರೆ, "ಮೂರನೇ ದಿನ" ಅಂದರು. ಅಷ್ಟೇ. ಒಬ್ಬಳು ಸತ್ತಳು, ಅವಳ ಜೊತೆಗೆ ಇವರ ಕಣ್ಣೂ ಹೋಯಿತು ಎಂದು ನನಗೆ ಅನ್ನಿಸಿತು. ಆ ಕಣ್ಣಿನಿಂದ ಉಳಿದವರು ಎಷ್ಟೋ ಮಂದಿ ಇದ್ದರು. ಅದನ್ನು ಅವರಿಗೆ ಹೇಳುವ ಯೋಗ್ಯತೆ ನನಗಿರಲಿಲ್ಲ.

ನಾನು ಬೇರೆ ಕಡೆ ಹೋದೆ, ಮದುವೆಯಾಯಿತು, ನಾನೇ ದೊಡ್ಡ ಸಿಸ್ಟರ್ ಅನ್ನಿಸಿಕೊಂಡು ನಿವೃತ್ತಳೂ ಆದೆ. ಅವರು ಜಗಳೂರಿನಲ್ಲಿ ತಮ್ಮನ ಮಗಳ ಮನೆಯಲ್ಲಿದ್ದಾರೆ, ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದಾಗ ನೋಡಲು ಹೋದೆ. ಗುರುತು ಹಿಡಿದರು. ಬುದ್ಧಿ ಚುರುಕಾಗಿಯೇ ಇತ್ತು. ಮಗಳಂತೆ ನೋಡಿಕೊಳ್ಳುತ್ತಿದ್ದ ಆ ತಮ್ಮನ ಮಗಳು ಚಹಾ ತರಲು ಒಳಗೆ ಹೋದಾಗ ಅವರೇ ಶುರು ಮಾಡಿದರು.

"ಆ ತಾಂಡಾದ ಹುಡುಗಿ ನೆನಪೈತಾ ನಿಂಗೆ? ನನಗೆ ದಿನಾ ಬರ್ತಾಳೆ. ನಾನೊಬ್ಬಳೇ ಕೊಂದೆ ಅವಳನ್ನ."

ಒಬ್ಬಳೇ ಎನ್ನುವ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಭಾರ ಇಳಿಯಲಿ ಎಂದು, ಅವರದೋ ನನ್ನದೋ ತಿಳಿಯದು, ಎಲ್ಲವನ್ನೂ ಹೇಳಿಬಿಟ್ಟೆ. ಮಗು ಬಲಗಡೆಗೆ ಮಾತ್ರ ಹಾಲು ಕುಡಿದದ್ದು, ಅದರ ಕಾಲು ತಾಗಿದ್ದು, ಆಕೆ ಹಲ್ಲು ಕಚ್ಚಿದ್ದು, ನಾನು ನೋಡಿಯೂ ಬೋಗುಣಿ ಎತ್ತಿಕೊಂಡು ಹೋದದ್ದು. ನೀವೊಬ್ಬರೇ ಅಲ್ಲ ಸಿಸ್ಟರ್, ನಾನೂ ಇದ್ದೆ ಎಂದೆ.

ಅವರು ಅಳುತ್ತಾರೆ, ಇಲ್ಲವೇ ಬಯ್ಯುತ್ತಾರೆ ಎಂದುಕೊಂಡಿದ್ದೆ. ಪಾಳಿ ಬದಲಾಗುವಾಗ ಕೇಳುವ ದನಿಯಲ್ಲಿ ಕೇಳಿದರು.

"ಯಾವ ದಿನ ನೋಡ್ದೆ?"

"ಮೂರನೇ ದಿನ."

"ಎಷ್ಟೊತ್ತಿಗೆ?"

"ಮಧ್ಯಾಹ್ನ. ಎರಡೂವರೆ ಇರಬೇಕು."

ಲೆಕ್ಕ ಹಾಕುವವರಂತೆ ತುಟಿ ಅಲುಗಿತು.

"ಚಳಿ ಬಂದಿದ್ದು ಮಾರನೇ ಬೆಳಿಗ್ಗೆ" ಅಂದರು. "ಅಷ್ಟೊತ್ತಿಗೇ ಹೇಳಿದ್ರೆ ತೆಗೀತಿದ್ದೆ ಕಣೇ. ಉಳೀತಿದ್ಳು."

ಅಷ್ಟು ವರ್ಷ ಅವರು ತಮ್ಮ ಕೈಯಿಂದ ಒಬ್ಬಳು ಸತ್ತಳು ಎಂದು ತಿಳಿದಿದ್ದರು. ಸೂಜಿ ಬಿಟ್ಟ ಮೇಲೂ ಆಕೆ ಉಳಿಯಬಹುದಿತ್ತು ಎಂದು ತಿಳಿದದ್ದು ಆ ದಿನ, ನನ್ನಿಂದ. ಚಹಾ ಬಂತು. ಅವರು ಕುಡಿಯಲಿಲ್ಲ. ನಾನು ಹೊರಡುವಾಗ ಹೋಗಿ ಬರುತ್ತೇನೆ ಎಂದೆ, ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಮೂರನೇ ವಾರ ಅವರ ತಮ್ಮನ ಮಗಳು ಫೋನ್ ಮಾಡಿ ಅವರು ಹೋದ ಸುದ್ದಿ ತಿಳಿಸಿದಳು. ನೀವು ಬಂದು ಹೋದ ಮೇಲೆ ಅತ್ತೆ ಯಾರ ಹತ್ತಿರವೂ ಮಾತಾಡಲಿಲ್ಲ, ಏನು ಹೇಳಿದ್ರಿ ಎಂದು ಕೇಳಿದಳು. ಹಳೆಯ ಕೆಲಸದ ಮಾತು ಎಂದೆ.